ಕತ್ತರಿಸಿದ ಟ್ಯೂಬು

ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದ ದರ್ಜಿಗೆ ಬೇರೆಯವರ ಮಾತು ಕೇಳುವ ಚಟವೇನೂ ಇರಲಿಲ್ಲ. ಆದರೆ ಕಿವಿಗೇನು ಮುಚ್ಚಳವಿದೆಯೇ? ನಾಳೆಯ ಆಪರೇಷನ್ನಿಗೆಂದು ದಾಖಲಾಗಲು ಬಂದಿದ್ದ ಪಕ್ಕದ ಬೆಂಚಿನ ಹೆಂಗಸು ಗಂಡನಿಗೆ ಇಡೀ ಮನೆಯನ್ನೇ ಒಪ್ಪಿಸುತ್ತಿದ್ದಳು. ಅವನು ಹಳೆಯ ಲಕೋಟೆಯ ಮೇಲೆ ಬರೆದುಕೊಳ್ಳುತ್ತಿದ್ದ.

“ಕಾಳು ಹಿಂದಿನ ದಿನಾನೇ ನೆನೆಹಾಕಿ. ಗ್ಯಾಸೂ ಉಳಿಯುತ್ತೆ, ಹೊತ್ತೂ ಉಳಿಯುತ್ತೆ.”

“ಹ್ಞೂಂ.”

“ತರಕಾರಿ ತೊಳೆದ ನೀರು ಗಿಡಕ್ಕೆ.”

“ಅಷ್ಟು ಗೊತ್ತು ಕಣೇ.”

“ಪೇಸ್ಟ್ ಖಾಲಿಯಾಯ್ತು ಅಂತ ಎಸೀಬೇಡಿ. ಟ್ಯೂಬನ್ನ ನಡುವೆ ಕತ್ತರಿಸಿದ್ರೆ ಇನ್ನೂ ಒಂದು ವಾರ ಬರುತ್ತೆ.”

“ನಮ್ಮನೇಲಿ ಕತ್ತರಿಸಿದ ಟ್ಯೂಬನ್ನ ನಾನು ಒಂದಿನಾನೂ ನೋಡಿಲ್ವಲ್ಲ?”

“ಅಷ್ಟೊತ್ತಿಗೆ ನಿಮಗೆ ಹೊಸದು ಇಟ್ಟಿರ್ತೀನಲ್ಲ.”

ಪೆನ್ನು ನಿಂತಿತು.

“ಇಪ್ಪತ್ತಾರು ವರ್ಷದಿಂದಾನಾ?”

“ಅದಕ್ಕೇನೀಗ? ಬರ್ಕೊಳ್ಳಿ.”

ಅಷ್ಟರಲ್ಲಿ ನರ್ಸು ಬಂದು ಕರೆದಳು. ಹೆಂಡತಿ ಚೀಲಕ್ಕೆ ಕೈಹಾಕುವ ಮೊದಲೇ ಅವನು ಅದರ ಜಿಪ್ಪು ಎಳೆದು, ಒಳಗೆಲ್ಲ ತಡಕಾಡಿ, ಅರ್ಧ ಕತ್ತರಿಸಿದ ಟ್ಯೂಬೊಂದನ್ನು ಹೊರತೆಗೆದು ಜೇಬಿಗಿಳಿಸಿದ.

“ಅಯ್ಯೋ, ನಾನು ಹಲ್ಲುಜ್ಜೋದು ಬೇಡ್ವಾ?”

“ಎದುರಂಗಡೀಲಿ ಹೊಸದು ತರ್ತೀನಿ, ನಡಿ. ಇದು ನನಗೆ.”

ನರ್ಸಿನ ಹಿಂದೆ ಬಾಗಿಲವರೆಗೂ ಹೋದವಳು, ತಿರುಗಿ ನೋಡದೆಯೇ ಕೂಗಿ ಹೇಳಿದಳು:

“ಅದಕ್ಕೆ ಬಟ್ಟೆ ಕ್ಲಿಪ್ ಹಾಕಿಡ್ರೀ, ಇಲ್ದಿದ್ರೆ ಪೇಸ್ಟ್ ಒಣಗಿಹೋಗುತ್ತೆ!”