ಮೀನಿನ ಪೆಟ್ಟಿಗೆಯಲ್ಲಿ ಇಟ್ಟ ರಕ್ತ

ಕೊಪ್ಪದ ಪಶು ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ದನ ಸಾಕುವ ಹೂವಪ್ಪ, ಮೀನು ಮಾರುವ ಕಮಾಲುದ್ದೀನ್ ಕೂತಿದ್ದರು.

“ದನದ ರಕ್ತಕ್ಕೆ ಎಂತ ಹೇಳಿದ್ರು ಹೂವಪ್ಪಣ್ಣ?”

“ಐಸಾಗಿ ಕೆಟ್ಟಿದೆ, ಪರೀಕ್ಷೆಗೆ ಬರಲ್ಲಂತೆ.”

“ಅಯ್ಯೋ, ಹಾಳಾಗದೆ ಇರ್ಲಿ ಅಂತ ನಾನೇ ಉಪ್ಪು ಹಾಕಿದ ಐಸಿನ ಅಡೀಲಿ ಇಟ್ಟೆ.”

“ಮನೇಲಿ ಕರೆಂಟಿಲ್ಲ, ನಿನ್ನ ಬಂಗುಡೆ ಜೊತೆ ಇಡು ಅಂದವ ನಾನಲ್ವಾ ಮಾರಾಯ.”

“ಇನ್ನೊಂದ್ಸಲ ತೆಗೆಸಿ.”

“ಯಾವುದರದ್ದು? ಅದನ್ನ ಬೆಳಿಗ್ಗೆ ಹುಗಿದು ಬಂದೆ.”

ಹೂವಪ್ಪ ಡಾಕ್ಟರ ಕೋಣೆಯ ಕಡೆ ಕೈ ತೋರಿಸಿದ.

“ಯಾವ ಕಾಯಿಲೆ ಅಂತ ತಿಳೀದೆ ಮದ್ದು ಕೊಡೋಕಾಗಲ್ಲಂತೆ. ಈಗ ಅದರ ಕಡಸೂ ಮಲಗಿದೆ. ಅದರ ರಕ್ತ ತೆಗೀತಾರಂತೆ.”

“ಹಿಡ್ಕೊಳ್ಳೋಕೆ ಜನ ಬೇಕಲ್ಲ, ನಾನು ಬರ್ತೀನಿ.”

“ಬೇಡ ಮಾರಾಯ. ಅದು ಕಾಲೂ ಆಡ್ಸಲ್ಲ.”

ಹೂವಪ್ಪ ಎದ್ದು ಮೆಟ್ಟಿಲಿಳಿದ. ಕಮಾಲುದ್ದೀನ್ ಅವನ ಹಿಂದೆಯೇ ನಡೆದ.