ಜೇಬು ನೋಡಿ ಕೊಟ್ಟ ಕೋಟು

ಒಬ್ಬ ಶ್ರೀಮಂತನ ಸಂಗತಿ ಕೇಳಿ. ಊರು ಯಾವುದೆಂದು ಕೇಳಬೇಡಿ; ಪೇಟೆ ಬೀದಿ ಇರುವ ಊರೆಲ್ಲ ಅವನದೇ ಊರು. ಹೆಸರನ್ನೂ ಕೇಳಬೇಡಿ. ಹೇಳಿಬಿಟ್ಟರೆ 'ಓ, ಅದು ಅವನ ಕಥೆ' ಎಂದು ನೀವು ಹಗುರಾಗಿ ಎದ್ದು ಹೋಗುತ್ತೀರಿ.

ಜವಳಿ ವ್ಯಾಪಾರ ಅವನದು. ಬಟ್ಟೆಯ ಅಂಚು ಬೆರಳಲ್ಲಿ ಉಜ್ಜಿ ಅದರ ಜಾತಕ ಹೇಳುತ್ತಿದ್ದ. ಅಂಥವನಿಗೆ ಒಂದು ಶೋಕಿ ಅಂಟಿಕೊಂಡಿತು. ಚಳಿಗಾಲ ಬಂತೆಂದರೆ ಉತ್ತರದ ಹಿಮದ ಬೆಟ್ಟಕ್ಕೆ ಹೋಗುವುದು, ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವುದು. ಅದಕ್ಕೆಂದೇ ಒಂದು ಕೋಟು ಕೊಂಡಿದ್ದ. ಒಳಗೆಲ್ಲ ಹಕ್ಕಿಯ ಮೆತ್ತನೆಯ ಪುಕ್ಕ ತುಂಬಿದ್ದು. ನೋಡಿ, ಆ ಕೋಟಿನ ಜೀವ ಬಟ್ಟೆಯಲ್ಲಿಲ್ಲ, ಪುಕ್ಕದಲ್ಲಿದೆ. ಪುಕ್ಕ ಒಳಗಿದ್ದರೆ ಮೈ ಬೆಚ್ಚಗೆ. ಹೊರಗೆ ಹೋಯಿತೋ, ಅದು ಬರೀ ಚೀಲ.

ಒಂದು ವರ್ಷ ಜಾರುವಾಗ ಬಿದ್ದ. ಒಣಗಿದ ಕೊಂಬೆಯೊಂದು ಕೋಟಿನ ಕಂಕುಳಿಗೆ ತಾಗಿ ಅಕ್ಕಿಕಾಳಿನಷ್ಟು ಹರಿಯಿತು. ಅಕ್ಕಿಕಾಳಿನಷ್ಟೇ. ಊರಿಗೆ ಬಂದಾಗ ಆ ತೂತಿನಿಂದ ಒಂದು ಪುಕ್ಕ ಇಣುಕುತ್ತಿತ್ತು. ಹೆಂಡತಿ ನೋಡಿದಳು.

"ಹರಕು ಬಟ್ಟಿ ಮನ್ಯಾಗ ಇಟ್ಕೋಬಾರದ್ರೀ, ದಾರಿದ್ರ್ಯ. ಯಾರಿಗರ ಕೊಟ್ಟಬಿಡ್ರಿ. ಪುಣ್ಯಾನೂ ಬರ್ತದ."

"ಹೊಸಾದು ತಗೊಂಡೇನಿ. ಇದನ್ನ ಆ ಬೆಟ್ಟದಾಂವಗ ಕೊಡ್ತೀನಿ ಬಿಡು."

ಹೀಗೆ ದಾರಿದ್ರ್ಯವನ್ನು ದಾನ ಮಾಡಲು ಗಂಡ ಹೆಂಡತಿ ತೀರ್ಮಾನ ಮಾಡಿದರು. ನಗಬೇಡಿ. ಈ ತೀರ್ಮಾನ ಆಗದ ಮನೆ ನಿಮ್ಮ ಓಣಿಯಲ್ಲಿ ಎಷ್ಟಿವೆ?

ಕೊಡುವ ಮೊದಲು ಅವನು ಏನು ಮಾಡಿದ? ಜೇಬು ನೋಡಿದ. ಎಲ್ಲ ಜೇಬಿಗೂ ಕೈ ಹಾಕಿ ತಡಕಿದ. ಒಂದು ಕರವಸ್ತ್ರ ಸಿಕ್ಕಿತು, ನಾಲ್ಕು ಏಲಕ್ಕಿ ಸಿಕ್ಕಿದವು, ಒಳಜೇಬಿನಲ್ಲಿ ಒಂದು ಪುಟ್ಟ ಪೊಟ್ಟಣ ಸಿಕ್ಕಿತು. ಅಂಗಿಯ ಜೊತೆ ಒಂದು ಗುಂಡಿ ಹೆಚ್ಚಿಗೆ ಕೊಡುತ್ತಾರಲ್ಲ, ಹಾಗೆ ಆ ಕೋಟಿನ ಜೊತೆ ಅದೇ ಬಟ್ಟೆಯ ಒಂದು ತುಂಡು ಬಂದಿತ್ತು. ಅಂಚೆ ಚೀಟಿಯಷ್ಟು, ಹಿಂದೆ ಅಂಟು ಸವರಿದ್ದು. ಎಲ್ಲಾದರೂ ಹರಿದರೆ ಮೇಲೆ ಒತ್ತಿಬಿಟ್ಟರೆ ಸಾಕು. ಅದನ್ನೇನು ಮಾಡಿದ? ತನ್ನ ಹೊಸ ಕೋಟಿನ ಜೇಬಿಗೆ ಹಾಕಿಕೊಂಡ. ಬೇಕಾದೀತು ಎಂದು. ಹರಕು ಕೊಟ್ಟ, ತೇಪೆ ಇಟ್ಟುಕೊಂಡ.

ಬೆಟ್ಟದವನಿಗೆ ಹೆಸರಿದೆ, ಹೇಳುತ್ತೇನೆ. ಮಕರ್ ಸಿಂಗ್. ಶ್ರೀಮಂತನ ಗಂಟುಮೂಟೆ ಹೊತ್ತು, ಹಿಮದಲ್ಲಿ ದಾರಿ ತೋರಿಸುತ್ತಿದ್ದವನು. ಅವನ ಮಾತು ಹಿಂದಿಯದು. ನಮ್ಮ ಮಾತಿನಲ್ಲೇ ಹೇಳೋಣ, ಚಳಿಗೆ ಭಾಷೆ ಇಲ್ಲ. ಹೋಟೆಲಿನ ಅಂಗಳದಲ್ಲಿ ನಾಲ್ಕು ಜನರ ಎದುರು ಶ್ರೀಮಂತ ಆ ಕೋಟನ್ನು ಅವನ ಹೆಗಲಿಗೆ ಹೊದಿಸಿದ. ಫೋಟೋ ತೆಗೆಸಿಕೊಂಡ. ಮಕರ್ ಸಿಂಗ್ ಕೈಮುಗಿದ. ಕೈಮುಗಿಯಲು ತೋಳೆತ್ತಿದಾಗ ಕಂಕುಳಿನಿಂದ ಒಂದು ಪುಕ್ಕ ಹಾರಿತು.

"ಸಾಹೇಬ್ರ, ಇದು ಕೋಟಲ್ರೀ, ಕೋಳಿಗೂಡು!" ಎಂದು ಅವನೇ ನಕ್ಕ. ನಕ್ಕು, ದನಿ ತಗ್ಗಿಸಿ ಕೇಳಿದ: "ಸಣ್ಣ ತೂತು ಐತ್ರಿ. ಇದಕ್ಕೊಂದು ತುಂಡು ಬರ್ತದಂತಲ್ರಿ, ಇದ್ರ ಕೊಡ್ರಿ, ಅಂಟಿಸ್ಕೋತೀನಿ."

ಶ್ರೀಮಂತನ ಕೈ ಜೇಬಿನೊಳಗೇ ಇತ್ತು. ಪೊಟ್ಟಣ ಬೆರಳಿಗೆ ತಾಗುತ್ತಿತ್ತು. ಆದರೆ ಕೊಟ್ಟದ್ದರಲ್ಲಿ ಕುಂದು ಹುಡುಕುತ್ತಾನಲ್ಲ, ಅದೂ ನಾಲ್ಕು ಜನರ ಎದುರಿಗೆ, ಎಂದು ಅವನ ಮುಖ ಕೆಂಪಾಯಿತು.

"ಏನ್ ಮಾರಾಯಾ, ದಾನಾ ಕೊಟ್ಟ ಎಮ್ಮಿ ಹಲ್ಲು ಎಣಸ್ತೀ? ಅಕ್ಕಿಕಾಳಿನಷ್ಟು ತೂತಿಗೆ ಏನಾಗ್ತದ?"

ಈ ಗಾದೆ ನಿಮಗೆಲ್ಲ ಗೊತ್ತು. ಇದನ್ನು ಕಟ್ಟಿದವರು ಯಾರು, ಯೋಚಿಸಿದ್ದೀರಾ? ಎಮ್ಮೆ ಪಡೆದವನು ಕಟ್ಟಿದ್ದಲ್ಲ. ಹಲ್ಲಿಲ್ಲದ ಎಮ್ಮೆಯನ್ನು ದಾಟಿಸಿ ಕೈ ತೊಳೆದುಕೊಂಡವನು ಕಟ್ಟಿದ್ದು. ಪಡೆದವನ ಬಾಯಿ ಕಟ್ಟಲು ಕಟ್ಟಿದ್ದು. ಮಕರ್ ಸಿಂಗನ ಬಾಯಿಯೂ ಕಟ್ಟಿತು.

ಅವನ ಮನೆಯಲ್ಲಿ ಹಳೆಯದೊಂದು ಉಣ್ಣೆಯ ಕೋಟಿತ್ತು. ಅವನ ತಾಯಿ ಮಗ್ಗದಲ್ಲಿ ನೇಯ್ದು ಹೊಲಿದದ್ದು. ಭಾರ, ಒರಟು, ನೋಡಲು ಚಂದವಿಲ್ಲ. ಮರುದಿನ ಬೆಳಿಗ್ಗೆ ಅವನು ಅದಕ್ಕೇ ಕೈ ಹಾಕಿದ. ಆದರೆ ಸಾಹೇಬರು ಕೊಟ್ಟದ್ದನ್ನು ಸಾಹೇಬರ ಮುಂದೆಯೇ ಹಾಕಿಕೊಳ್ಳದಿದ್ದರೆ ಅವರಿಗೆ ಹೇಗನ್ನಿಸೀತು ಎಂದುಕೊಂಡ. ಉಣ್ಣೆಯ ಕೋಟನ್ನು ಗೂಟಕ್ಕೆ ತೂಗಿಹಾಕಿ ಪುಕ್ಕದ ಕೋಟು ತೊಟ್ಟು ಹೊರಟ. ದಾನ ಕೊಡುವವರೇ, ಇದನ್ನು ಕೇಳಿಸಿಕೊಳ್ಳಿ. ನಿಮ್ಮ ದಾನ ಬರುವ ಮೊದಲು ಅವನು ಬೆಚ್ಚಗಿದ್ದ.

ಇಬ್ಬರೂ ಮೇಲೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಶ್ರೀಮಂತ ಜಾರುತ್ತ ಹೋಗಿ ಬಂಡೆಯ ಬುಡದಲ್ಲಿ ಬಿದ್ದ, ಪಾದ ಉಳುಕಿತು. ಮಕರ್ ಸಿಂಗ್ ಅವನನ್ನು ಗಾಳಿ ತಾಗದ ಮಗ್ಗುಲಲ್ಲಿ ಕೂರಿಸಿ, ತನ್ನ ಬುತ್ತಿಯ ರೊಟ್ಟಿಯನ್ನು ಅವನ ಕೈಗಿಟ್ಟ.

"ಇಲ್ಲೇ ಕುಂದರ್ರಿ. ಕೆಳಗ ಗುಡಿಸಲ ಮಂದಿನ್ನ ಕರಕೊಂಡು ಬರ್ತೀನಿ. ಪೊದಿ ನುಗ್ಗಿ ಹ್ವಾದ್ರ ದಾರಿ ಹತ್ರ."

ಹೋದ. ಮಂಜು ಅವನನ್ನು ನುಂಗಿತು.

ಶ್ರೀಮಂತ ಕಾದ. ಕಾದೇ ಕಾದ. ಹೊಸ ಕೋಟು ಬೆಚ್ಚಗಿತ್ತು. ಭಯ ಮಾತ್ರ ಕೋಟಿನೊಳಗೂ ನುಗ್ಗುತ್ತದೆ. ಮಂಜು ತುಸು ಸರಿಯಿತು, ಯಾರೂ ಬರಲಿಲ್ಲ. ಇಲ್ಲೇ ಕುಳಿತರೆ ಹೆಣವಾಗುತ್ತೇನೆ ಎಂದು ಕೋಲೂರಿ ಎದ್ದ. ಎತ್ತ ಹೋಗುವುದು? ಎಲ್ಲ ಕಡೆ ಬಿಳುಪು. ಆಗ ಎದುರಿನ ಮುಳ್ಳುಪೊದೆಯ ಕೊಂಬೆಗೆ ಏನೋ ಸಿಕ್ಕಿಕೊಂಡು ನಡುಗುತ್ತಿರುವುದು ಕಂಡಿತು. ಒಂದು ಬೂದು ಪುಕ್ಕ. ಆಚೆಯ ಪೊದೆಯಲ್ಲಿ ಎರಡು. ಅದರಾಚೆ ಒಂದು ಹಿಡಿ.

"ಅಪ್ಪಾ, ದೇವರೇ, ದಾರಿ ತೋರಿಸಿದೆಯಾ!" ಎಂದು ಅವನು ಕಣ್ಣೀರಿಟ್ಟ. ದೇವರ ಕೃಪೆ ಎಂದೇ ತಿಳಿದು ಪುಕ್ಕದ ಬೆನ್ನು ಹತ್ತಿ ಕುಂಟುತ್ತ ಹೋದ. ಹೋದಷ್ಟೂ ಪುಕ್ಕ ಹೆಚ್ಚಾಗುತ್ತಿತ್ತು. ಹೋದಷ್ಟೂ ಅವನ ಹೆಜ್ಜೆ ನಿಧಾನವಾಯಿತು. ಜವಳಿ ವ್ಯಾಪಾರಿಯಲ್ಲವೇ? ಒಂದು ತೂತು ಮುಳ್ಳಿನಿಂದ ಮುಳ್ಳಿಗೆ ಹೇಗೆ ಬೆಳೆಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ತಿರುವಿನಲ್ಲಿ ಮಕರ್ ಸಿಂಗ್ ಕೂತಿದ್ದ. ಮೊಣಕಾಲು ಅಪ್ಪಿಕೊಂಡಿದ್ದ. ಕೋಟು ಕಂಕುಳಿನಿಂದ ಸೊಂಟದವರೆಗೆ ಬಾಯಿ ಬಿಟ್ಟಿತ್ತು. ಮೈಗೆ ಅಂಟಿದ ಖಾಲಿ ಚೀಲ. ತುಟಿ ನೀಲಿ. ಶ್ರೀಮಂತ ಅವನ ಮುಂದೆ ಕುಸಿದು ಜೇಬಿಗೆ ಕೈ ಹಾಕಿದ. ಪೊಟ್ಟಣ ತೆಗೆದ. ತೊಟ್ಟ ಬಟ್ಟೆಗೆ ಮೈಮೇಲೆಯೇ ಹೊಲಿಗೆ ಹಾಕಬಾರದು ಎಂದು ಹಿರಿಯರು ಹೇಳುತ್ತಾರೆ, ಆ ಮಾತು ಅವನಿಗೂ ಗೊತ್ತು. ಅಂದು ಅವನು ಯಾವ ಶಾಸ್ತ್ರವನ್ನೂ ನೋಡಲಿಲ್ಲ. ಆ ತುಂಡನ್ನು ಹರಕಿನ ಮೇಲೆ ಒತ್ತಿದ. ಅಂಚೆ ಚೀಟಿಯಷ್ಟು ತುಂಡು, ಮೊಳದುದ್ದದ ಹರಕು; ಅಂಟದೆ ಕೈಗೇ ವಾಪಸು ಬಂತು. ಆ ತುಂಡು ಮೊದಲ ದಿನದ ಹರಕಿನ ಅಳತೆಯದು, ನನ್ನ ಜನರೇ. ಮೊದಲ ದಿನದ ಹರಕಿನದು.

ಮಕರ್ ಸಿಂಗ್ ಕಣ್ಣು ತೆರೆದು ಅವನ ಕೈಯಲ್ಲಿದ್ದುದನ್ನು ನೋಡಿದ. ಗುರುತು ಹಿಡಿದ.

"ನಿಮ್ಮ ಹತ್ರಾನೇ ಇತ್ತೇನ್ರಿ?" ಎಂದ. ಹರಕಿನತ್ತ ಕಣ್ಣು ಹೊರಳಿಸಿ, "ಗೂಡು ಖಾಲಿ ಆತ್ರಿ, ಸಾಹೇಬ್ರ" ಎಂದ.

ಶ್ರೀಮಂತ ತನ್ನ ಹೊಸ ಕೋಟು ಕಿತ್ತು ಅವನಿಗೆ ಹೊದಿಸಿದ, ಅಪ್ಪಿ ಹಿಡಿದ, ಉಜ್ಜಿದ, ಗಂಟಲು ಹರಿಯುವಂತೆ ಕೂಗಿದ. ಕೂಗು ಕೇಳಿ ಗುಡಿಸಲಿನವರು ಓಡಿ ಬಂದರು. ಬಂದಾಗ ಬೆಚ್ಚಗೆ ಮಾಡಲು ಅಲ್ಲಿ ಶ್ರೀಮಂತನೊಬ್ಬನೇ ಉಳಿದಿದ್ದ.

ಊರಿಗೆ ಬಂದಾಗ ಹೆಂಡತಿ ಕೇಳಿದಳು: "ಆ ಕೋಟು ಕೊಟ್ರೇನ್ರೀ?" ಅವನು ಆ ಬಟ್ಟೆಯ ತುಂಡನ್ನು ಅವಳ ಅಂಗೈಯಲ್ಲಿಟ್ಟ.

ಈಗ ನಿಮ್ಮ ನಡುವೆ ಒಬ್ಬರು ಮನಸ್ಸಿನಲ್ಲೇ ಅನ್ನುತ್ತಿದ್ದಾರೆ: 'ಎಲ್ಲ ದೇವರ ಲೀಲೆ. ಆ ಹರಕಿನಿಂದಲ್ಲವೇ ಶ್ರೀಮಂತನಿಗೆ ದಾರಿ ಸಿಕ್ಕಿದ್ದು?' ನಿಲ್ಲಿಸಿ! ಆ ಮಾತು ಈ ಸಭೆಯಲ್ಲಿ ಬೇಡ. ಸೂಜಿ ಹಿಡಿಯದ ಕೈಗೆ ದೇವರ ಹೆಸರಿನ ಕೈಗವಸು ತೊಡಿಸಬೇಡಿ. ದಾರಿ ತೋರಿಸಿದ್ದು ಒಬ್ಬ ಮನುಷ್ಯನ ಮೈಯಿಂದ ಸೋರಿದ ಶಾಖ. ದೇವರು ಅಲ್ಲಿದ್ದರೆ ಆ ಪೊಟ್ಟಣದಲ್ಲಿದ್ದ. ಅವನನ್ನು ಜೇಬಿನಲ್ಲಿ ಇಟ್ಟುಕೊಂಡವರು ನಾವು.

ಬಾಗಿಲ ಬಳಿ ಬಟ್ಟೆಯ ಗುಡ್ಡೆ ಇದೆ, ನೋಡಿಕೊಂಡೇ ಒಳಗೆ ಬಂದಿರಿ. ಊರಾಚೆ ಕಬ್ಬಿನ ಗದ್ದೆಯಲ್ಲಿ ತಾಡಪಾಲಿನ ಕೆಳಗೆ ಮಲಗುವ ಕಟಾವಿನವರಿಗೆಂದು ನೀವೇ ತಂದದ್ದು. ಸಭೆಗೆ ಮೊದಲು ಆ ಗುಡ್ಡೆಯನ್ನು ಬಿಚ್ಚಿ ನೋಡಲಾಯಿತು. ಮೊಣಕೈ ಹರಿದ ಸ್ವೆಟರ್ ಇದೆ. ಜಿಪ್ಪು ಕೂರದ ಜಾಕೀಟು ಇದೆ. ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಂಡು ಕೊಟ್ಟ ಅಂಗಿಗಳಿವೆ. ಎದೆ ತೆರೆದ ಆ ಅಂಗಿಯನ್ನು ತೊಟ್ಟು ಅವರು ಚಳಿಗೆ ಹೇಗೆ ಬಾಗಿಲು ಹಾಕಬೇಕು? ಇನ್ನೊಂದನ್ನೂ ಹೇಳಬೇಕು. ಯಾವ ಜೇಬಿನಲ್ಲೂ ಏನೂ ಉಳಿದಿರಲಿಲ್ಲ. ಒಂದರಲ್ಲೂ. ಜೇಬುಗಳನ್ನೆಲ್ಲ ಬಹಳ ಶ್ರದ್ಧೆಯಿಂದ ನೋಡಿದ್ದೀರಿ.

ಇವತ್ತಿನಿಂದ ಇಷ್ಟು ಮಾಡಿ. ಮನೆಯಲ್ಲಿ ಹರಿದದ್ದನ್ನು ಹರಿದ ದಿನವೇ ಹೊಲಿಯಿರಿ, ಅದು ಅಕ್ಕಿಕಾಳಿನಷ್ಟಿರುವಾಗಲೇ. ಕೊಡುವ ಬಟ್ಟೆಯನ್ನು ಮೊದಲು ನಿಮ್ಮ ಮೈಗೆ ಹಾಕಿಕೊಂಡು ಒಂದು ಬೆಳಗಿನ ಚಳಿಯಲ್ಲಿ ಅಂಗಳದಲ್ಲಿ ನಿಲ್ಲಿ. ಗಾಳಿ ನುಗ್ಗಿದ ಕಡೆ ತೇಪೆ ಹಾಕಿ, ಆಮೇಲೆ ಕೊಡಿ. ಕೆಲಸದವಳು ನೀವು ಕೊಟ್ಟ ಸೀರೆಯನ್ನು ಬಿಚ್ಚಿ 'ಇಲ್ಲಿ ಹರಿದಿದೆ, ಅಮ್ಮ' ಅಂದರೆ, ಎಮ್ಮೆಯ ಹಲ್ಲಿನ ಮಾತು ತೆಗೆಯಬೇಡಿ, ಸೂಜಿ ತನ್ನಿ.

ಎಲ್ಲೋ ಏಕೆ, ಇಲ್ಲೇ ಶುರುವಾಗಲಿ. ಸೂಜಿ, ದಾರ, ಗುಂಡಿ, ತೇಪೆಯ ಬಟ್ಟೆ ಕಂಬದ ಬಳಿ ಇಟ್ಟಿದೆ. ಗಂಡಸರೂ ಏಳಿ, ಸೂಜಿಗೆ ಮೀಸೆ ಅಡ್ಡ ಬರುವುದಿಲ್ಲ. ಅವರವರು ತಂದದ್ದನ್ನು ಅವರವರೇ ಹುಡುಕಿ ತೆಗೆಯಿರಿ. ಗುರುತು ಸಿಗುತ್ತದೆ, ನಿಮ್ಮದೇ ಹರಕು. ಮಂಗಳಾರತಿ ಕಾಯುತ್ತದೆ. ಗದ್ದೆಯ ಚಳಿ ಕಾಯುವುದಿಲ್ಲ.