ಗುರುಗ್ರಹದ ಹನ್ನೆರಡನೆಯ ಚಂದ್ರ

ವೇದವತಮ್ಮನವರಿಗೆ, ಅವರ ಮಕ್ಕಳಿಗೆ, ಹೆಣ್ಣುಮಕ್ಕಳ ಹೈಸ್ಕೂಲಿನ ಮೇಷ್ಟ್ರುಗಳಿಗೆ, ಮಂಡಿ ಮೊಹಲ್ಲಾದ ನಮ್ಮ ಅಚ್ಚುಕೂಟದಿಂದ ಬಂದು ಗೋಡೆ ಪಕ್ಕ ನಿಂತಿರುವ ಬಳಗಕ್ಕೆ — ಎಲ್ಲರಿಗೂ ಈ ಮರಿಯಯ್ಯನ ನಮಸ್ಕಾರ. ಮುಂದಿನ ಸಾಲಿನಲ್ಲಿ ಶಾಲೆಯ ಕಾರ್ಯದರ್ಶಿಗಳು ಕೂತಿದ್ದಾರೆ. ಅವರಿಗೂ ನಮಸ್ಕಾರ. ಅವರ ಹತ್ತಿರ ಸ್ವಲ್ಪ ಮಾತಿದೆ.

ನಾನು ಅಚ್ಚಿನ ಮೊಳೆ ಜೋಡಿಸುವವನು, ಭಾಷಣ ಮಾಡುವವನಲ್ಲ. ಹತ್ತೊಂಬತ್ತು ವರ್ಷ ನಾನು ಜೋಡಿಸಿದ್ದನ್ನು ಅನಂತಪದ್ಮನಾಭಯ್ಯನವರು ತಿದ್ದಿದರು. ಇವತ್ತು ಅವರ ಶ್ರದ್ಧಾಂಜಲಿ ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತಾಡಿ ಇಳಿಯೋಣ ಅಂತಲೇ ಬಂದೆ. ಆದರೆ ಈಗಷ್ಟೇ ಕಾರ್ಯದರ್ಶಿಗಳು ಏನಂದರು? ಕೇಳಿದಿರಲ್ಲ — "ಕೊನೆಗಾಲದಲ್ಲಿ ಕಣ್ಣು ಮಂಜಾಗಿ ಒಂದು ತಪ್ಪು ಮಾಡಿದರು, ನಾವು ಮನ್ನಿಸಿದೆವು." ಮನ್ನಿಸಿದರಂತೆ! ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಉಂಡ ಅನ್ನ ನನ್ನ ಮೈಗೆ ಹತ್ತೋದಿಲ್ಲ.

ಹೋದ ವರ್ಷ ಈ ಶಾಲೆಯ ನಾಲ್ಕು ಹುಡುಗಿಯರು ವಸ್ತುಪ್ರದರ್ಶನಕ್ಕೆ ಅಂತ ಗುರುಗ್ರಹದ ಮೇಲೆ ಒಂದು ಪುಸ್ತಕ ಬರೆದರು. ಅಚ್ಚು ನಮ್ಮಲ್ಲಿ. ದಿನಾ ಸಂಜೆ ಕರಡು ತಿದ್ದಲು ಬರುತ್ತಿದ್ದರು. ಅಯ್ಯನವರು ತಾವು ತಿದ್ದುತ್ತಿರಲಿಲ್ಲ. ತಪ್ಪಿರುವ ಕಡೆ ಅಂಚಿನಲ್ಲಿ ಒಂದು ಚುಕ್ಕೆ ಇಡೋರು, ಅಷ್ಟೇ. ಹುಡುಗಿಯರೇ ಹುಡುಕಬೇಕು, ತಿದ್ದಬೇಕು, ಪಕ್ಕದಲ್ಲಿ ಸಹಿ ಹಾಕಬೇಕು. ಅಯ್ಯನವರ ಕಣ್ಣು ಹೊರಳಿದ ಕಡೆ ನೋಡಿ ಹುಡುಗಿಯರು ತಪ್ಪು ಹಿಡಿಯೋಕೆ ಶುರು ಮಾಡಿದರು. ಅದಕ್ಕೆ ಕನ್ನಡಕ ತೆಗೆದು ಸೂರು ನೋಡ್ತಾ ಕೂರೋರು — ಇಗೋ, ಹೀಗೆ!

"ಎಲ್ಲಿದೆ ಅಂತ ಹೇಳ್ಬುಡಿ ಸಾರ್" ಅಂತ ಅವರಲ್ಲೊಬ್ಬಳು, ಪ್ರೇಮಲೀಲಾ, ಗೋಗರೆದಳು.

"ಹೇಳ್ಬುಟ್ರೆ ಅದು ನನ್ನ ಪುಸ್ತಕ ಆಗುತ್ತೆ ಕಣಮ್ಮ. ಹುಡುಕು."

ಮಾರನೇ ದಿನ ಆ ಹುಡುಗಿ ಗ್ರಂಥಾಲಯದಿಂದ ಓಡಿ ಬಂದಳು. ಗುರುಗ್ರಹಕ್ಕೆ ಹನ್ನೊಂದು ಚಂದ್ರರು ಅಂತ ಬರೆದಿದ್ದರು. ಪಠ್ಯಪುಸ್ತಕದಲ್ಲೂ ಹಾಗೇ ಇತ್ತು. ಆದರೆ ಸಾವಿರದ ಒಂಬೈನೂರ ಐವತ್ತೊಂದನೇ ಇಸವಿಯಲ್ಲೇ ಹನ್ನೆರಡನೆಯದು ಸಿಕ್ಕಿದೆ ಅಂತ ಪತ್ರಿಕೆಯಲ್ಲಿ ಬಂದಿತ್ತು. 'ಹನ್ನೆರಡು' ಅಂತ ತಿದ್ದಿ ಸಹಿ ಹಾಕಿದಳು. ಅಯ್ಯನವರು ಆ ಹಾಳೆ ಹಿಡಿದು ಅಚ್ಚುಕೂಟವೆಲ್ಲಾ ಸುತ್ತಿದರು. "ನಾನು ಚುಕ್ಕೆ ಇಟ್ಟಿದ್ದು ಪಕ್ಕದ ಸಾಲಿಗೆ ಕಣೋ ಮರಿಯಯ್ಯ! ಹುಡುಗಿ ಹಿಡಿದಿದ್ದು ನನಗೇ ಗೊತ್ತಿಲ್ಲದ ತಪ್ಪನ್ನ!" ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಇನ್ಯಾವತ್ತೂ ನೋಡಲಿಲ್ಲ.

ಅಚ್ಚಾಗುವ ದಿನ, ಅಯ್ಯನವರು ಊಟಕ್ಕೆ ಹೋಗಿದ್ದಾಗ, ಕಾರ್ಯದರ್ಶಿಗಳು ಬಂದರು. ನಮ್ಮ ಅಚ್ಚುಕೂಟಕ್ಕೆ ಬರುವ ಕೆಲಸ ಬಹುಪಾಲು ಅವರ ಕೈಯಲ್ಲೇ. ಯಂತ್ರ ನಿಲ್ಲಿಸಿದರು. ಹಾಳೆ ನೋಡಿದರು. "ನಾವು ಓದಿದ್ದು ಹನ್ನೊಂದು. ಈ ಹುಡುಗಿಯರೇನು ಚಂದ್ರನನ್ನ ಹೆರೋಕೆ ಹೊರಟಿದ್ದಾರೇನ್ರೀ?" ಅಂದು ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದರು. ಹನ್ನೊಂದಕ್ಕೆ ಮೊಳೆ ಬದಲಾಯಿಸಿದ ಕೈ ಯಾವುದು? ಇದೇ ಕೈ. ನೋಡಿ — ಇದೇ.

ಪ್ರದರ್ಶನದಲ್ಲಿ ತೀರ್ಪುಗಾರರು ಆ ತಪ್ಪು ಹಿಡಿದರು. ಕಾರ್ಯದರ್ಶಿಗಳು ಅಲ್ಲೇ ಹೇಳಿದರು — ಕರಡು ತಿದ್ದಿದ ಮುದುಕನಿಗೆ ಕಣ್ಣು ಕಾಣೋದಿಲ್ಲ ಅಂತ. ತಪ್ಪೊಪ್ಪಿಗೆ ಬರೆದುಕೊಡಿ ಅಂತ ಅಯ್ಯನವರಿಗೆ ಹೇಳಿಕಳಿಸಿದರು. ನಾನು ನಡೆದದ್ದನ್ನೆಲ್ಲ ಅಯ್ಯನವರಿಗೆ ಹೇಳಿದೆ. ಬಂದು ಸಾಕ್ಷಿ ಹೇಳ್ತೀನಿ ಅಂದೆ. "ಹುಡುಗಿಯರದು ತಪ್ಪು ಅಂದ್ರೆ ಬಹುಮಾನ ಹೋಗುತ್ತೆ. ನಿಂದು ಅಂದ್ರೆ ಕೆಲಸ ಹೋಗುತ್ತೆ. ನಂದು ಅಂತ ಇರಲಿ, ಸುಮ್ನಿರು" ಅಂದರು. ನಾನು ಸುಮ್ಮನಿದ್ದೆ. ಎಷ್ಟು ಸಲೀಸಾಗಿ ಸುಮ್ಮನಿದ್ದೆ! ಅಯ್ಯನವರು ತಪ್ಪೊಪ್ಪಿಗೆ ಬರೆದುಕೊಟ್ಟರು. ಹುಡುಗಿಯರಿಗೆ ಬಹುಮಾನ ಬಂತು. ಅಯ್ಯನವರಿಗೆ ಕರಡು ಕೊಡುವುದು ನಿಂತಿತು. ಆಮೇಲೂ ದಿನಾ ಬಂದು ಅದೇ ಬೆಂಚಿನ ಮೇಲೆ ಬರಿಗೈಯಲ್ಲಿ ಕೂತು ಹೋಗುತ್ತಿದ್ದರು.

ಕಾರ್ಯದರ್ಶಿಗಳೇ, ಆ ಹಾಳೆ ಬೆಂಕಿಗೆ ಹೋಯಿತು ಅಂದುಕೊಂಡಿದ್ದಿರಿ. ಇಲ್ಲ. ವರ್ಷದಿಂದ ನನ್ನ ಮೊಳೆ ಪೆಟ್ಟಿಗೆಯ ತಳದಲ್ಲಿತ್ತು. ಇಗೋ, ಇಲ್ಲಿದೆ! ಪ್ರೇಮಲೀಲಾಳ ಸಹಿ. ಅದರ ಮೇಲೆ ತಮ್ಮ ಕೆಂಪು ಗೀಟು. ಕೆಳಗೆ ತಮ್ಮ ರುಜು — ಬಲು ಅಂದವಾದ ರುಜು. ಬೀರಯ್ಯ, ಆ ಗೋಡೆ ಪಕ್ಕದಿಂದ ಬಾ, ಹಿಡಿಯಪ್ಪ, ಹಿಂದಿನ ಸಾಲಿನಿಂದ ಶುರು ಮಾಡಿ ಎಲ್ಲರಿಗೂ ತೋರಿಸು. ವೇದವತಮ್ಮ, ನೀವೂ ನೋಡಿ. ನಿಮ್ಮ ಯಜಮಾನರ ಕಣ್ಣು ಚೆನ್ನಾಗಿತ್ತು ತಾಯಿ. ನಾಳೆ ನನ್ನ ಕೆಲಸ ಹೋಗುತ್ತೆ. ಹೋಗಲಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೌನ ಆಚರಿಸೋಣ. ಎಷ್ಟು ನಿಮಿಷ ಅಂತ ನಾನು ಹೇಳುವುದಿಲ್ಲ. ಕಾರ್ಯದರ್ಶಿಗಳೇ, ನಿಮಗೊಬ್ಬರಿಗೆ ಮಾತ್ರ ಮೌನ ಬೇಡ. ಆ ತಪ್ಪು ಯಾರದು ಅಂತ ಅಯ್ಯನವರ ಪಟದ ಮುಂದೆ ನಿಂತು ನೀವು ಹೇಳಬೇಕು — ಅಲ್ಲಿಯವರೆಗೆ ಈ ಸಭೆಯಲ್ಲಿ ಯಾರೂ ಕೂರುವುದಿಲ್ಲ.